ಪಕ್ಕದ ಮನೆಯ ಹಂಡೆ ಒಲೆ, ನಮ್ಮ ಮನೆಯ ಉಬ್ಬಸ

ಪ್ರಶ್ನೆ: ನಮ್ಮದು ಮೈಸೂರಿನ ಹಳೇ ಬಡಾವಣೆ. ಎರಡು ಮನೆಗಳ ನಡುವೆ ಕಿರಿದಾದ ಓಣಿ. ಪಕ್ಕದವರು ಬೆಳಕು ಹರಿಯುವ ಮುಂಚೆಯೇ ಸ್ನಾನದ ಹಂಡೆಗೆ ಉರಿ ಹಾಕುತ್ತಾರೆ. ಹಸಿ ಸೌದೆ, ತೆಂಗಿನ ಗರಿ, ಹೊತ್ತಿಸಲು ಹಾಲಿನ ಪ್ಯಾಕೆಟ್ಟು. ಏಳು ವರ್ಷದ ಮಗನಿಗೆ ಉಬ್ಬಸ. ಚಳಿಗಾಲ ಬಂತೆಂದರೆ ನೆಬ್ಯುಲೈಸರ್‌ಗೆ ಓಡುವುದೇ ಕೆಲಸ. ಕೇಳಿದರೆ ‘ನಮ್ಮ ಮನೆ, ನಮ್ಮ ಒಲೆ’ ಅನ್ನುತ್ತಾರೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಮೊದಲು ಮಗು ತಾಯಿ, ಜಗಳ ಆಮೇಲೆ. ಮತ್ತೆ ಮತ್ತೆ ನೆಬ್ಯುಲೈಸರ್ ಬೇಕಾಗುತ್ತಿದೆ ಎಂದರೆ ಉಬ್ಬಸ ಹತೋಟಿಯಲ್ಲಿಲ್ಲ. ದಿನವೂ ತೆಗೆದುಕೊಳ್ಳುವ ತಡೆ ಔಷಧ, ಅಂದರೆ ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಇನ್‌ಹೇಲರ್, ಅವನಿಗೆ ಬೇಕೇ ಎಂದು ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ. ಈಗಾಗಲೇ ಕೊಟ್ಟಿದ್ದರೆ ಸ್ಪೇಸರ್ ಹಾಕಿ ಸರಿಯಾಗಿ ಎಳೆಯುತ್ತಿದ್ದಾನೆಯೇ ನೋಡಿ. ‘ಅಭ್ಯಾಸ ಆಗಿಬಿಡುತ್ತೆ’ ಎಂದು ಅರ್ಧಕ್ಕೇ ನಿಲ್ಲಿಸುವ ಮನೆಗಳೇ ಹೆಚ್ಚು. ಅದು ಚಟ ಹತ್ತುವ ಔಷಧವಲ್ಲ. ಒಲೆ ಹೊತ್ತುವ ಮುಂಚೆಯೇ ಓಣಿ ಕಡೆಯ ಕಿಟಕಿ ಮುಚ್ಚಿ, ಹೊಗೆ ಚದುರಿದ ಮೇಲೆ ತೆರೆಯಿರಿ. ಒದ್ದೆ ಬಟ್ಟೆ, ಕರ್ಚೀಫು ಈ ಹೊಗೆಯ ಸಣ್ಣ ಕಣಗಳನ್ನು ತಡೆಯವು. ಮಾತಾಡಲು ಉಸಿರು ಸಾಲದಿದ್ದರೆ, ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಚಳಿಗಾಲದಲ್ಲೇ ಯಾಕೆ ಜಾಸ್ತಿ? ಚಳಿಗಾಲದ ಮುಂಜಾನೆ ನೆಲದ ಬಳಿಯ ಗಾಳಿ ತಣ್ಣಗಿರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಕೂತಿರುತ್ತದೆ. ಹೊಗೆ ಮೇಲೇರಲಾಗದೆ ಓಣಿಯಲ್ಲೇ ಸುತ್ತುತ್ತದೆ. ಪಿಎಂ 2.5 ಎಂಬ ಅತಿಸೂಕ್ಷ್ಮ ಕಣಕ್ಕೆ ನಮ್ಮ ದೇಶ ಇಟ್ಟಿರುವ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎರಡೂ 24 ಗಂಟೆಯ ಸರಾಸರಿ. ನಿಮ್ಮಂಥವರ ಕಷ್ಟ ತಪ್ಪಿಸಿಕೊಳ್ಳುವುದು ಇಲ್ಲೇ. ಒಂದು ಗಂಟೆ ಕಣ್ಣು ಬಿಡಲಾಗದಷ್ಟು ಹೊಗೆ, ಉಳಿದ ಹೊತ್ತು ಶುಭ್ರ ಗಾಳಿ ಇದ್ದರೆ ಸರಾಸರಿಯಲ್ಲಿ ಊರು ಪಾಸು. ಅಳೆಯುವ ಯಂತ್ರವೂ ನಿಮ್ಮ ಓಣಿಯಲ್ಲಿರುವುದಿಲ್ಲ.

ಇನ್ನು ಕಾನೂನು. ವಾಯುಮಾಲಿನ್ಯ ತಡೆ ಕಾಯ್ದೆ ಬಂದದ್ದು 1981ರಲ್ಲಿ. ಒಂದು ಪ್ರದೇಶವನ್ನು ವಾಯುಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಘೋಷಿಸಿ, ಅಲ್ಲಿ ಯಾವ ಇಂಧನ ಸುಡಬಾರದು, ಎಂಥ ಒಲೆ ಇರಬೇಕು ಎಂದು ಹೇಳುವ ಅಧಿಕಾರವನ್ನು ಅದರ 19ನೇ ಕಲಂ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಅಧಿಕಾರಿಗಳ ಕಣ್ಣು ಕಾರ್ಖಾನೆ ಚಿಮಣಿಯ ಮೇಲೆ, ಬಚ್ಚಲಿನ ಮೇಲಲ್ಲ. ಬ್ರಿಟನ್ನಿನವರು 1952ರ ಲಂಡನ್ ಹೊಗೆಮಂಜಿನಲ್ಲಿ ಸಾವಿರಾರು ಜನ ಸತ್ತ ಮೇಲೆ, 1956ರ ಕಾಯ್ದೆಯಲ್ಲಿ ಮನೆಯ ಒಲೆಗೂ ಕೈ ಹಾಕಿದರು. ಒಲೆ ಬದಲಿಸಲು ಮನೆಯವರಿಗೆ ದುಡ್ಡಿನ ನೆರವನ್ನೂ ಕೊಟ್ಟರು. ಈ ಎರಡನೆಯದು ಇಲ್ಲದೆ ಮೊದಲನೆಯದನ್ನು ನಾನು ಒಪ್ಪಲಾರೆ. ಸಿಲಿಂಡರಿನ ಬೆಲೆ ನೋಡಿ ಬಚ್ಚಲಿಗೆ ಸೌದೆಯನ್ನೇ ಉಳಿಸಿಕೊಂಡವರು ಬಡವರೇ ಹೆಚ್ಚು.

ಸದ್ಯಕ್ಕೆ ಪ್ಲಾಸ್ಟಿಕ್ಕಿನಿಂದ ಶುರುಮಾಡಿ. ಮಗನ ಚೀಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ‘ಅಕ್ಕಾ, ಪ್ಯಾಕೆಟ್ ಒಂದು ಹಾಕಬೇಡಿ, ಸೌದೆ ಒಣಗಿಸಿ ಉರಿಸಿ, ಚಿಮಣಿ ಸೂರಿಗಿಂತ ಮೇಲೆ ಏರಿಸಿ’ ಎನ್ನಿ. ಬಗ್ಗದಿದ್ದರೆ ಹೊತ್ತು, ದಿನಾಂಕ ಬರೆದಿಟ್ಟು, ಫೋಟೊ ಸಮೇತ ಪಾಲಿಕೆಯ ಆರೋಗ್ಯ ಶಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡಿ. ಸಾರ್ವಜನಿಕ ಉಪದ್ರವ ನಿಲ್ಲಿಸುವ ಆದೇಶ ಹೊರಡಿಸಲು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅಧಿಕಾರವಿದೆ. ಬೀದಿಯ ನಾಲ್ಕು ಮನೆಯವರು ಸಹಿ ಹಾಕಿದರೆ ಅರ್ಜಿಗೆ ತೂಕ ಬರುತ್ತದೆ.

ಪ್ರಶ್ನೆ: ನಮ್ಮ ಅಜ್ಜ ಹಂಡೆ ನೀರಿನಲ್ಲೇ ಸ್ನಾನ ಮಾಡಿ ತೊಂಬತ್ತು ಬದುಕಿದರು. ಸೌದೆ ಹೊಗೆ ಪ್ರಕೃತಿದತ್ತ ಅಲ್ಲವೇ? ನಮ್ಮದು ಹೊಗೆರಹಿತ ಒಲೆ ಬೇರೆ.

ಉತ್ತರ: ಹೊಗೆಸೊಪ್ಪೂ ಪ್ರಕೃತಿದತ್ತವೇ. ಸೌದೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್ ಎಲ್ಲವೂ ಇವೆ. ಅಜ್ಜ ಗಟ್ಟಿ ಆಳು, ಸಂತೋಷ. ಒಲೆ ಊದುತ್ತ ಕೂತ ಅಜ್ಜಿಯ ಕೆಮ್ಮು ಹೇಗಿತ್ತು ಎಂದೂ ಬರೆದಿದ್ದರೆ ಚೆನ್ನಾಗಿತ್ತು. ಬೀಡಿ ಮುಟ್ಟದ ಹೆಂಗಸರಿಗೂ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುವುದು ಹೆಚ್ಚಾಗಿ ಈ ಹೊಗೆಯಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಸೌದೆಯನ್ನೂ ಉಳಿಸಿತು, ಹೊಗೆಯನ್ನೂ ಅಡುಗೆಮನೆಯಿಂದ ಹೊರಗೆ ಹಾಕಿತು, ದೊಡ್ಡ ಉಪಕಾರ. ಆದರೆ ‘ಹೊರಗೆ’ ಎಂದರೆ ತೋಟವಿರುವ ಹಳ್ಳಿಯಲ್ಲಿ ಒಂದು ಮಾತು, ಗೋಡೆಗೆ ಗೋಡೆ ತಾಗುವ ಬಡಾವಣೆಯಲ್ಲಿ ಇನ್ನೊಂದು. ತಾರಸಿ ನಿಮ್ಮದೇ ಆಗಿದ್ದರೆ ಸೋಲಾರ್ ಹಾಕಿಸಿ. ಮೋಡದ ದಿನಕ್ಕೆ ಹಂಡೆ ಇದ್ದೇ ಇದೆ.

ಪ್ರಶ್ನೆ: ಮಹಡಿ ಕೆಳಗೆ ಬೇಕರಿ ಇದೆ. ರಾತ್ರಿಯಿಡೀ ಸೌದೆ ಉರಿ. ಇದೂ ಮನೆ ಒಲೆಯ ಲೆಕ್ಕವೇ?

ಉತ್ತರ: ಅಲ್ಲ, ಇದು ವ್ಯಾಪಾರ. ಅದಕ್ಕೆ ಲೈಸೆನ್ಸ್ ಇದೆ, ಲೈಸೆನ್ಸಿಗೆ ಷರತ್ತುಗಳಿವೆ. ಮುಂಬೈಯಲ್ಲಿ ಸೌದೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಆದೇಶಿಸಿತು. ಆ ಆದೇಶ ನಮ್ಮ ಊರಿಗೆ ಅನ್ವಯಿಸದು, ಆದರೂ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಲು ಅಡ್ಡಿಯಿಲ್ಲ. ಬೆಳಿಗ್ಗೆ ಎದ್ದಾಗ ಮನೆಯವರಿಗೆಲ್ಲ ತಲೆನೋವು, ವಾಕರಿಕೆ ಇದ್ದು, ಹೊರಗೆ ಹೋದೊಡನೆ ಕಡಿಮೆಯಾಗುತ್ತಿದ್ದರೆ ಅರ್ಜಿಗೆ ಕಾಯಬೇಡಿ. ಅದು ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆಯಿಲ್ಲ. ಅಂದೇ ರಕ್ತ ಪರೀಕ್ಷೆ ಮಾಡಿಸಿ. ಗಾಳಿಯಲ್ಲಿ ಅದನ್ನು ಪತ್ತೆಹಚ್ಚಿ ಕೂಗುವ ಅಲಾರಂ ಸಿಗುತ್ತದೆ, ಮಲಗುವ ಕೋಣೆಗೆ ಒಂದನ್ನು ತಂದಿಡಿ.