ಕಿರುಪದದ ಮಹಿಮೆ

ಮಳೆ ಕೈಕೊಟ್ಟಿತೆಂದು ಬೀಳಗಿಯ ರೈತನು ಹೇಳಿದರೆ ಯಾರೂ ಮಳೆಯ ಕೈಯನ್ನು ಹುಡುಕಲು ಹೋಗುವುದಿಲ್ಲ. ‘ಕೈಬಿಡು’, ‘ಕೈಗೊಳ್ಳು’ ಎಂಬವುಗಳ ಅರ್ಥವೂ ಬಿಡಿಪದಗಳಲ್ಲಿಲ್ಲ, ಅವುಗಳ ಬೆಸುಗೆಯಲ್ಲಿದೆ. ಕನ್ನಡದಲ್ಲಿ ‘ಕೈ’ ಕ್ರಿಯಾಪದದ ಮುನ್ನ ನಿಂತರೆ, ಇಂಗ್ಲಿಷಿನಲ್ಲಿ ಕಿರುಪದವು ಕ್ರಿಯಾಪದದ ನಂತರ ಬರುತ್ತದೆ. ‘ಪುಟ್’ ಎಂದರೆ ಇಡು; ‘ಪುಟ್ ಔಟ್’ ಎಂದರೆ ಬೆಂಕಿ ನಂದಿಸು, ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಚೀನೀ ಭಾಷೆಯಲ್ಲಿಯೂ ಏರು, ಇಳಿ ಎಂಬರ್ಥದ ಪದಗಳು ಕ್ರಿಯಾಪದದ ಬೆನ್ನಿಗೆ ಸೇರುತ್ತವೆ. ಆದರೂ ಇಂಗ್ಲಿಷ್ ಕಲಿಯುವ ಚೀನೀಯರು ಇಂತಹ ಜೋಡಿಗಳಿಗೆ ಅಂಜಿ ಒಂಟಿ ಕ್ರಿಯಾಪದವನ್ನೇ ಆರಿಸಿಕೊಳ್ಳುವುದುಂಟು. ಜಮಖಂಡಿ, ಮುಧೋಳಗಳ ವಿದ್ಯಾರ್ಥಿಗಳಿಗೂ ಈ ಅಂಜಿಕೆ ಹೊಸದಲ್ಲ.

ಆದರೆ ಓದುವಾಗ ಅಂಜಿ ತಪ್ಪಿಸಿಕೊಳ್ಳುವಂತಿಲ್ಲ. ರಬಕವಿ-ಬನಹಟ್ಟಿಯ ನೇಕಾರನ ಮಗಳೊಬ್ಬಳು ನೌಕರಿಗೆ ಅರ್ಜಿ ಹಾಕಿದ್ದಾಳೆನ್ನೋಣ. ಸಂದರ್ಶನವನ್ನು ‘ಪುಟ್ ಆಫ್’ ಮಾಡಲಾಗಿದೆಯೆಂದು ಪತ್ರ ಬಂದರೆ ಆಕೆ ಕಾಯಬೇಕು; ಅರ್ಜಿ ‘ಟರ್ನ್ಡ್ ಡೌನ್’ ಎಂದಿದ್ದರೆ ಅದು ತಿರಸ್ಕೃತವಾಗಿದೆ, ಬೇರೆಡೆ ಹೊಸ ಅರ್ಜಿ ಹಾಕಬೇಕು. ‘ಟರ್ನ್’ ಎಂದರೆ ತಿರುಗು, ‘ಡೌನ್’ ಎಂದರೆ ಕೆಳಗೆ ಎಂದಷ್ಟೇ ಬಲ್ಲವಳಿಗೆ ಈ ಅಂತರ ಹೊಳೆಯದು.

ಬರೆಯುವಾಗ ಇನ್ನೊಂದು ತೊಡಕುಂಟು. ಸರ್ವನಾಮ ಬಂದರೆ ಅದು ನಡುವೆಯೇ ನಿಲ್ಲಬೇಕು: ‘ಪುಟ್ ಇಟ್ ಆಫ್’. ‘ಪುಟ್ ಅಪ್ ವಿತ್’ ಮಾತ್ರ ತನ್ನ ನಡುವೆ ಯಾರನ್ನೂ ಸೇರಿಸದು. ಅಲ್ಲಿ ‘ಇಟ್’ ಕೊನೆಗೇ ಬರುತ್ತದೆ.