ಚಾಸಿ ನೇರಗೊಳಿಸುವಿಕೆ: ದುರಸ್ತಿಯೋ, ಮಾರ್ಪಾಡೋ?

1945ರಲ್ಲಿ ಬಂದ ಎಂ.ಜಿ. ಟಿ.ಸಿ.ಯಂತಹ ಹಳೆಯ ಕ್ರೀಡಾ ಕಾರುಗಳಲ್ಲಿ ಬಾಡಿಯ ಅಡಿಯಲ್ಲಿ ಏಣಿಯಾಕಾರದ ಪ್ರತ್ಯೇಕ ಉಕ್ಕಿನ ಚಾಸಿ ಇರುತ್ತದೆ. ಅಪಘಾತದಿಂದ ಅದು ಓರೆಯಾದರೆ ಚಕ್ರಗಳು ನೇರವಾಗಿ ಉರುಳುವುದಿಲ್ಲ. ಎರಡೂ ಬದಿಯ ಸಮಾನ ಬಿಂದುಗಳಿಂದ ಅಡ್ಡಮೂಲೆಯಾಗಿ ಅಳೆದಾಗ ಅಳತೆಗಳು ಹೊಂದದಿದ್ದರೆ ಚಾಸಿ ಓರೆಯಾಗಿದೆ ಎಂದರ್ಥ. ತಿರುಚಿಕೊಂಡಿದ್ದರೆ ಎತ್ತರದ ಅಳತೆಯಲ್ಲಿ ತಿಳಿಯುತ್ತದೆ.

ದುರಸ್ತಿಗೆ ಮುನ್ನ ಮಾಲೀಕರು ಕಾನೂನನ್ನೂ ಗಮನಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿ ಮೂಲರೂಪದಲ್ಲಿ ಉಳಿದ ಕಾರು ಮಾತ್ರ ‘ವಿಂಟೇಜ್’ ಎನಿಸುತ್ತದೆ. ಚಾಸಿಯನ್ನೇ ಮಾರ್ಪಡಿಸಿದರೆ ಆ ಮಾನ್ಯತೆ ತಪ್ಪಬಹುದು. ಆದ್ದರಿಂದ ಮೂಲ ಚಾಸಿಯನ್ನೇ ನೇರಗೊಳಿಸಿ, ಸಂಖ್ಯೆ ಕೊರೆದ ಭಾಗವನ್ನು ಮುಟ್ಟದೆ, ಛಾಯಾಚಿತ್ರ ಹಾಗೂ ಬಿಲ್ಲುಗಳನ್ನು ಕಾಯ್ದಿರಿಸುವುದು ಕ್ಷೇಮ. ಇಂತಹ ಕಾರನ್ನು ವಾಣಿಜ್ಯಕ್ಕೆ ಬಳಸುವಂತಿಲ್ಲವಾದ್ದರಿಂದ ಅದರ ವೆಚ್ಚವನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸಲಾಗದು.

ಅಸುಂಡಿಯಿಂದ ಗದುಗಿಗೆ ಸರಕು ಸಾಗಿಸುವ ಲಾರಿಯ ಮಾತು ಬೇರೆ. ಅದು ವ್ಯಾಪಾರದ ಆಸ್ತಿ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಸುಪ್ರೀಂ ಕೋರ್ಟು, ಇರುವ ಆಸ್ತಿಯನ್ನು ಕಾಪಾಡುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ವೆಚ್ಚ ಹಾಗಲ್ಲ ಎಂದಿತು. ಆದಕಾರಣ ನೇರಗೊಳಿಸಿದ ಕೂಲಿ ಮತ್ತು ಹೊಸ ಚಾಸಿಯ ಬೆಲೆಗೆ ಪ್ರತ್ಯೇಕ ಬಿಲ್ಲು ಪಡೆಯುವುದು ವರ್ತಕರಿಗೆ ಹಿತಕರ.