ಮೊದಲು ಅಭ್ಯಾಸ, ಆಮೇಲೆ ಸಲಕರಣೆ

ಮೊದಲ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೀರಿ, ಸಂತೋಷ. ಆದರೆ ಹೆಸರು ಕೊಟ್ಟ ವಾರವೇ ಕಾರ್ಬನ್ ಸೈಕಲ್ಲಿಗಾಗಿ ಸಾಲ ಮಾಡಲು ಹೊರಡಬೇಡಿ. ಹೊಸಬರು ಎಡವುವುದು ಇಲ್ಲೇ. ಹಣವೆಲ್ಲ ಸಾಮಾನಿಗೆ ಹೋಗುತ್ತದೆ, ಮೈ ಮಾತ್ರ ತಯಾರಾಗಿರುವುದಿಲ್ಲ.

ಸ್ಪ್ರಿಂಟ್ ದೂರದಿಂದ ಶುರುಮಾಡಿ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಬ್ರೇಕು, ಗೇರು ಸರಿಯಿರುವ ಸಾಧಾರಣ ಸೈಕಲ್ಲೇ ಇದಕ್ಕೆ ಸಾಕು. ಸೀಟಿನ ಎತ್ತರವನ್ನು ಮಾತ್ರ ತಿಳಿದವರಿಂದ ಸರಿಮಾಡಿಸಿಕೊಳ್ಳಿ, ಮಂಡಿ ಉಳಿಯುತ್ತದೆ.

ಮೂರು ವಸ್ತುಗಳಲ್ಲಿ ಜಿಪುಣತನ ಬೇಡ: ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್, ನೀರು ನುಗ್ಗದ ಕನ್ನಡಕ, ಕಾಲಿಗೆ ಒಗ್ಗಿದ ಶೂ. ವೆಟ್‌ಸೂಟ್ ಕೊಳ್ಳುವ ಮುನ್ನ ಸ್ಪರ್ಧೆಯ ನಿಯಮ ಓದಿ. ನೀರು ಬೆಚ್ಚಗಿದ್ದರೆ ಅದಕ್ಕೆ ಅನುಮತಿಯೇ ಇರುವುದಿಲ್ಲ.

ಈಜುಕೊಳದ ಧೈರ್ಯವನ್ನು ನಂಬಿ ಸಮುದ್ರಕ್ಕೆ ಇಳಿಯಬೇಡಿ. ಅಲ್ಲಿ ತಳದಲ್ಲಿ ಗೆರೆಯಿಲ್ಲ, ಹಿಡಿಯಲು ಅಂಚಿಲ್ಲ. ಆಗಾಗ ತಲೆಯೆತ್ತಿ ದಿಕ್ಕು ನೋಡುವುದನ್ನು ಕಲಿಯಿರಿ. ಎಂದೂ ಒಬ್ಬರೇ ಇಳಿಯಬೇಡಿ.

ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ ಹತ್ತು ನಿಮಿಷ ಓಡಿ. ಕಾಲು ಕಲ್ಲಿನಂತೆ ಭಾರವಾಗುವ ಆ ಅನುಭವ ಸ್ಪರ್ಧೆಯ ದಿನ ಹೊಸದಾಗಬಾರದು. ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಪಟ್ಟಿ ಬಿಗಿಯುವ ರೂಢಿಯಿರಲಿ, ತಪ್ಪಿದರೆ ದಂಡನೆಯುಂಟು. ಹೊಸ ಶೂ, ಹೊಸ ತಿನಿಸು ಯಾವುದನ್ನೂ ಆ ದಿನ ಪ್ರಯೋಗಿಸಬೇಡಿ.

ಒಂದು ಸ್ಪರ್ಧೆ ಮುಗಿಸಿ ನೋಡಿ. ನಿಮಗೆ ನಿಜಕ್ಕೂ ಏನು ಬೇಕೆಂಬುದು ಆಗ ತಾನೇ ತಿಳಿಯುತ್ತದೆ. ಅಂಗಡಿಗೆ ಆಮೇಲೆ ಹೋದರಾಯಿತು.